ಅಂತಾರಾಷ್ಟ್ರೀಯ ವಿಮಾನ ಪ್ರಯಾಣಿಕರ ಬೇಡಿಕೆ ಅಂದಾಜು: 2020ರ ಕುಸಿತವನ್ನು ಏನು ಮಾಡೋದು?

ಪ್ರಶ್ನೆ: ಒಂದು ದೇಶದ ಅಂತಾರಾಷ್ಟ್ರೀಯ ಪ್ರಯಾಣಿಕರ ತಿಂಗಳವಾರು ಅಂಕಿ 2010ರಿಂದ 2024ರವರೆಗೆ ಇದೆ. ಮುಂದಿನ 10 ವರ್ಷದ ಬೇಡಿಕೆ ಅಂದಾಜಿಸಬೇಕು. ಕೋವಿಡ್ ಕುಸಿತದಿಂದ ಮಾಡೆಲ್ ಹಳಿ ತಪ್ಪುತ್ತಿದೆ. ಆ ವರ್ಷಗಳನ್ನೇ ಅಳಿಸಿಬಿಡಲೇ? ಈ ಕೆಲಸ ಮಾಡಿದವರು ತಿಳಿಸಿ.

ಉತ್ತರ 1: ಅಳಿಸಬೇಡಿ ಸರ್. ಸಾಲಿನ ನಡುವೆ ತೂತು ಬಿದ್ದರೆ 12 ತಿಂಗಳ ಋತುಮಾನದ ಲೆಕ್ಕ ಕೆಡುತ್ತದೆ. 2020ರ ಮಾರ್ಚ್‌ನಿಂದ ಗಡಿ ಪೂರ್ತಿ ತೆರೆಯುವ ತನಕ ತಿಂಗಳಿಗೊಂದು ಡಮ್ಮಿ (ಆ ತಿಂಗಳಿಗೆ 1, ಉಳಿದವಕ್ಕೆ 0 ಎಂಬ ಗುರುತು) ಹಾಕಿ. ಎಲ್ಲಕ್ಕೂ ಒಂದೇ ಡಮ್ಮಿ ಹಾಕಿದರೆ 2020ರ ಏಪ್ರಿಲ್‌ನ ಪಾತಾಳಕ್ಕೂ ಆಮೇಲಿನ ಚೇತರಿಕೆಗೂ ಒಂದೇ ತೂಕ ಬೀಳುತ್ತದೆ.

ಆದರೆ ತಿಂಗಳವಾರು ಸರಿಮಾ (SARIMA: ಹಿಂದಿನ ಅಂಕಿ ಮತ್ತು ಋತುಮಾನ ನೋಡಿ ಮುಂದಿನದನ್ನು ಊಹಿಸುವ) ಮಾಡೆಲ್ 12–18 ತಿಂಗಳಿಗಷ್ಟೇ ಸರಿ. 10 ವರ್ಷಕ್ಕೆ ವಾರ್ಷಿಕ ಅಂಕಿ ತೆಗೆದುಕೊಂಡು, ಪ್ರಯಾಣಿಕರ ಸಂಖ್ಯೆ, ಹಣದುಬ್ಬರ ಕಳೆದ ಜಿಡಿಪಿ, ಹಣದುಬ್ಬರ ಕಳೆದ ಟಿಕೆಟ್ ದರ, ಮೂರಕ್ಕೂ ಲಾಗ್ (ಲಾಗರಿದಮ್) ತೆಗೆದು, ಕೊನೆಯ ಎರಡರ ಜೊತೆ ಪ್ರಯಾಣಿಕರ ಸಂಖ್ಯೆ ಹೇಗೆ ಬದಲಾಗುತ್ತದೆ ಎಂದು ಅಳೆಯುವ ರಿಗ್ರೆಷನ್ ಮಾಡಿ. ಬರುವ ಗುಣಾಂಕವೇ ಎಲಾಸ್ಟಿಸಿಟಿ, ಅಂದರೆ ಜಿಡಿಪಿ ಅಥವಾ ದರ 1% ಬದಲಾದರೆ ಪ್ರಯಾಣಿಕರ ಸಂಖ್ಯೆ ಎಷ್ಟು % ಬದಲಾಗುತ್ತದೆ ಎಂಬುದು. ಜಿಡಿಪಿಯದು ಸಾಮಾನ್ಯವಾಗಿ 1ರಿಂದ 2ರ ನಡುವೆ ಇರುತ್ತದೆ. 3 ಬಂದರೆ ಖುಷಿಪಡಬೇಡಿ, ಅಗ್ಗದ ವಿಮಾನಗಳು ಬಂದದ್ದೋ ವೀಸಾ ಸಡಿಲವಾದದ್ದೋ ಅದರೊಳಗೆ ಸೇರಿಕೊಂಡಿದೆ ಎಂದರ್ಥ. ಮಾರುಕಟ್ಟೆ ಬಲಿತಂತೆ ಈ ಗುಣಾಂಕ ಇಳಿಯುತ್ತದೆ, 10 ವರ್ಷವೂ ಒಂದೇ ಇಡಬೇಡಿ. ನಿಮ್ಮಲ್ಲಿರುವುದು 15 ವರ್ಷ, ಕೋವಿಡ್‌ನ ಮೂರು ಕಳೆದರೆ 12. ಅಷ್ಟಕ್ಕೆ ಎರಡಕ್ಕಿಂತ ಹೆಚ್ಚು ಚರಾಂಶ (ಜಿಡಿಪಿ, ದರದಂಥವು) ತುರುಕಿದರೆ ಗುಣಾಂಕ ಸ್ಥಿರವಾಗಿ ನಿಲ್ಲುವುದಿಲ್ಲ. 2010ಕ್ಕಿಂತ ಹಳೆಯ ವಾರ್ಷಿಕ ಅಂಕಿ ಹುಡುಕಿ.

ಉತ್ತರ 2: ಅದಕ್ಕೂ ಮೊದಲು, ಎಣಿಸುತ್ತಿರುವುದು ಯಾರನ್ನು? ದುಬೈ, ದೋಹಾದಂಥ ಕಡೆ ವಿಮಾನ ಬದಲಿಸುವವರು ನಿಲ್ದಾಣದ ಲೆಕ್ಕದಲ್ಲಿ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ, ಎರಡು ಸಲ ಬರುತ್ತಾರೆ. ಅವರಿಗೂ ಆ ದೇಶದ ಜಿಡಿಪಿಗೂ ಸಂಬಂಧವಿಲ್ಲ. ಅವರನ್ನು ಬೇರೆ ಮಾಡಿ. ಉಳಿದವರಲ್ಲಿ ದೇಶದವರಿಗೆ ಸ್ವದೇಶದ ಜಿಡಿಪಿ, ಪ್ರವಾಸಿಗರಿಗೆ ಅವರು ಬರುವ ದೇಶದ ಜಿಡಿಪಿ ಮತ್ತು ವಿನಿಮಯ ದರ.

ಉತ್ತರ 3: ತಿಂಗಳ ಲೆಕ್ಕದಲ್ಲಿ ರಂಜಾನ್ ಮರೆಯಬೇಡಿ. ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಈಸ್ಟರ್ ಮಾರ್ಚ್‌ಗೂ ಬರಬಹುದು, ಏಪ್ರಿಲ್‌ಗೂ ಬರಬಹುದು. ಹಬ್ಬದ ಪ್ರಯಾಣವೂ ಹಾಗೇ ತಿಂಗಳು ಬದಲಿಸುವುದರಿಂದ 12 ತಿಂಗಳ ಋತುಮಾನದ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಉತ್ತರ 4: ಹಾರಿದವರ ಸಂಖ್ಯೆಯೇ ಬೇಡಿಕೆಯಲ್ಲ. ಲಂಡನ್ನಿನ ಹೀಥ್ರೂಗೆ ವರ್ಷಕ್ಕೆ 4,80,000 ವಿಮಾನ ಸಂಚಾರದ ಮಿತಿಯಿದೆ. ಅಂಥ ಕಡೆ ಬೇಡಿಕೆ ಏರಿದರೆ ಮೊದಲು ದರ ಏರುತ್ತದೆ, ಪ್ರಯಾಣಿಕರ ಸಂಖ್ಯೆ ಹಾಗೇ ಇರುತ್ತದೆ. ಸರಾಸರಿ ಸೀಟು ಭರ್ತಿ 85% ಎಂದರೆ ಸೀಸನ್‌ನಲ್ಲಿ ಎಷ್ಟೋ ವಿಮಾನ ಪೂರ್ತಿ ತುಂಬಿವೆ, ಸೀಟು ಸಿಗದವರು ನಿಮ್ಮ ಅಂಕಿಯಲ್ಲಿ ಇಲ್ಲ.

ಇನ್ನು ಪರೀಕ್ಷೆ: 2017ರವರೆಗಿನ ಅಂಕಿಯಿಂದ ಮಾಡೆಲ್ ಕಟ್ಟಿ 2018, 2019 ಊಹಿಸಿ. ‘ಹೋದ ವರ್ಷದಷ್ಟೇ’ ಎಂಬ ಸೋಮಾರಿ ಊಹೆಗಿಂತ ತಪ್ಪು ಹೆಚ್ಚಾದರೆ ಬಿಸಾಡಿ. ವರದಿಯಲ್ಲಿ ಒಂದೇ ಗೆರೆ ಕೊಡಬೇಡಿ. ವರ್ಷಕ್ಕೆ 3% ಬೆಳೆದರೆ 10 ವರ್ಷದಲ್ಲಿ 1.34 ಪಟ್ಟು, 5% ಆದರೆ 1.63 ಪಟ್ಟು. ಟರ್ಮಿನಲ್ ಕಟ್ಟುವವರಿಗೆ ಆ ಅಂತರವೇ ಬೇಕಾದದ್ದು.