ಕೋಳಿ ಗೂಡಿನ ಒಳಗೆ ಸುಣ್ಣವೋ ಬಣ್ಣವೋ: ಹುಳದ ಕಾಟ ಕಂಡವರ ಅನುಭವಗಳು

ಕೇಳಿದವರು, ಚಿಂತಾಮಣಿ ತಾಲ್ಲೂಕಿನಿಂದ:

ನಮ್ಮ ಹಿತ್ತಲಿನಲ್ಲಿ ಹದಿನೆಂಟು ನಾಟಿ ಕೋಳಿಗಳಿವೆ. ಗೂಡಿನ ಮೂರು ಕಡೆ ಕಲ್ಲು ಚಪ್ಪಡಿ, ಮುಂದೆ ಮರದ ಬಾಗಿಲು, ಮೇಲೆ ಸಿಮೆಂಟ್ ಶೀಟು. ಒಂದು ತಿಂಗಳಿನಿಂದ ಸಂಜೆಯಾದರೂ ಕೋಳಿಗಳು ಒಳಗೆ ಹೋಗಲು ಒಪ್ಪದೆ ನುಗ್ಗೆ ಮರ ಹತ್ತುತ್ತಿವೆ. ಕಾವಿಗೆ ಕೂತಿದ್ದ ಹೇಂಟೆ ಮೊಟ್ಟೆಗಳನ್ನು ಬಿಟ್ಟು ಎದ್ದುಹೋಯಿತು. ಎರಡು ಕೋಳಿಗಳ ಜುಟ್ಟು ಬಿಳಿಚಿಕೊಂಡಿದೆ. ಒಳಗೆ ಬಣ್ಣ ಹೊಡೆದರೆ ಹುಳ ಹೋಗುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಗೇಟಿಗೆಂದು ತಂದ ಎನಾಮೆಲ್ ಬಣ್ಣ ಅರ್ಧ ಡಬ್ಬ ಉಳಿದಿದೆ. ಅದನ್ನೇ ಬಳಸಬಹುದೇ, ಅಥವಾ ಸುಣ್ಣವೇ ಸರಿಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಗುಬ್ಬಿ ಕಡೆಯ ಒಬ್ಬರು:

ಬಣ್ಣದ ಮಾತನ್ನು ಎರಡು ದಿನ ಬದಿಗಿಟ್ಟು, ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಒಮ್ಮೆ ಗೂಡಿನೊಳಗೆ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಈ ಕೆಲಸ ಮಾಡದೆ ಎರಡು ಸಲ ಸುಣ್ಣ ಹೊಡೆದು, ಎರಡು ಸಲವೂ ಹದಿನೈದೇ ದಿನದಲ್ಲಿ ಅದೇ ಕಾಟಕ್ಕೆ ಮರಳಿದವನು ನಾನು. ಹೇನುಗಳು ಹುಟ್ಟಿನಿಂದ ಸಾವಿನವರೆಗೆ ಕೋಳಿಯ ಮೈಮೇಲೆಯೇ ಇರುತ್ತವೆ; ಬಾಲದ ಕೆಳಗಿನ ಗರಿಗಳ ಬುಡದಲ್ಲಿ ಅವುಗಳ ಮೊಟ್ಟೆಗಳು ಗೊಂಚಲಾಗಿ ಅಂಟಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಗೋಡೆಗೆ ಏನೇ ಬಳಿದರೂ ಅವುಗಳಿಗೆ ತಟ್ಟುವುದಿಲ್ಲ. ಕೆಂಪು ನುಸಿ ಮತ್ತು ಕೋಳಿ ಉಣ್ಣೆಗಳ ಬಾಳು ಬೇರೆ. ಅವು ಹಗಲೆಲ್ಲ ಗೋಡೆಯ ಬಿರುಕಿನಲ್ಲಿ, ಬಾಗಿಲಿನ ಕೀಲಿನ ಹಿಂದೆ, ಕೂರುವ ಗಳದ ತುದಿ ಗೋಡೆಗೆ ತಾಗುವ ಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ ಬೆಳಗಾಗುವುದರೊಳಗೆ ಮತ್ತೆ ಸಂದಿ ಸೇರುತ್ತವೆ. ನಿಮ್ಮ ಕೋಳಿಗಳು ಗೂಡಿಗೇ ಹೆದರುತ್ತಿರುವುದರಿಂದ ನನಗೆ ಈ ಎರಡನೆಯ ಗುಂಪಿನ ಮೇಲೆಯೇ ಅನುಮಾನ. ಗಳದ ಅಡಿಭಾಗವನ್ನು ಬಿಳಿಯ ಬಟ್ಟೆಯಿಂದ ಒರೆಸಿದಾಗ ರಕ್ತದ ಗೀರು ಬಿದ್ದರೆ ಅದು ನುಸಿ. ತೊಗರಿ ಬೇಳೆಯಷ್ಟು ಅಗಲದ, ಚಪ್ಪಟೆಯಾದ, ತೊಗಲಿನಂಥ ಕಂದು ಜೀವಿ ಹರಿದಾಡುವುದು ಕಂಡರೆ ಅದು ಉಣ್ಣೆ.

ಬೇಸಿಗೆಯಲ್ಲಿ ಕೆಂಪು ನುಸಿಯ ಒಂದು ತಲೆಮಾರು ಏಳರಿಂದ ಹತ್ತು ದಿನದಲ್ಲಿ ಮುಗಿದು ಮುಂದಿನದು ಶುರುವಾಗುತ್ತದೆ. ಆದ್ದರಿಂದ ಒಂದೇ ಸಲದ ಕೆಲಸ ಸಾಲದು. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಮಾಡಬೇಕು. ಗೂಡನ್ನು ಖಾಲಿ ಬಿಟ್ಟರೆ ಹಸಿದು ಸಾಯುತ್ತವೆ ಎಂದು ಕಾಯುವುದೂ ವ್ಯರ್ಥ, ಏಕೆಂದರೆ ನುಸಿ ತಿಂಗಳುಗಟ್ಟಲೆ, ಉಣ್ಣೆ ವರ್ಷಕ್ಕೂ ಮೇಲೆ ರಕ್ತವಿಲ್ಲದೆ ಬದುಕಬಲ್ಲವು.

ಇನ್ನು ಸುಣ್ಣ. ನಾನು ಸುಟ್ಟ ಸುಣ್ಣದ ಕಲ್ಲನ್ನೇ ತಂದು, ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಅರಳಿಸುತ್ತೇನೆ. ಆಗ ನೀರು ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳು ಹತ್ತಿರ ಬರುವುದು ಬೇಡ, ಕಣ್ಣಿಗೆ ಕನ್ನಡಕವಿಲ್ಲದೆ ನೀವೂ ಬಗ್ಗಿ ನೋಡುವುದು ಬೇಡ. ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಐದು ಕೆಜಿ ಸುಣ್ಣಕ್ಕೆ ಅರ್ಧ ಕೆಜಿ ಉಪ್ಪು ಮತ್ತು ಒಂದು ಚೊಂಬು ಗಟ್ಟಿ ಅಕ್ಕಿ ಗಂಜಿ ಬೆರೆಸಿದರೆ ಕೈಗೆ ಅಂಟದೆ ಗೋಡೆಗೆ ಅಂಟುತ್ತದೆ. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ಹಾಲಿನಷ್ಟು ತೆಳುವಾಗಿ ಮೂರು ಸಲ ಬಳಿಯಬೇಕು. ಒಂದೇ ಸಲ ದಪ್ಪಗೆ ಬಳಿದದ್ದು ತಿಂಗಳಲ್ಲಿ ಚಕ್ಕೆಯಾಗಿ ಉದುರುತ್ತದೆ. ಒಂದು ಮಾತನ್ನು ಮಾತ್ರ ಮರೆಯಬಾರದು. ಹಸಿ ಸುಣ್ಣಕ್ಕಿರುವ ಸುಡುವ ಗುಣ ಕೆಲವು ದಿನಗಳದ್ದು. ಒಣಗುತ್ತ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪುನಃ ಸುಣ್ಣದ ಕಲ್ಲೇ ಆಗುತ್ತದೆ. ಆಮೇಲೆ ಅದರಿಂದ ಆಗುವ ಉಪಕಾರವೆಂದರೆ ಸಣ್ಣ ಬಿರುಕುಗಳು ಮುಚ್ಚಿರುವುದು ಮತ್ತು ಬಿಳಿಯ ಗೋಡೆಯ ಮೇಲೆ ಹುಳ ಬೇಗ ಕಣ್ಣಿಗೆ ಬೀಳುವುದು, ಅಷ್ಟೇ. ಹಾಗಾಗಿ ಕುಂಚವನ್ನು ಗೋಡೆಯ ನಡುವೆ ಅಂದವಾಗಿ ಆಡಿಸುವುದಕ್ಕಿಂತ ಮೂಲೆ, ಸಂದಿಗಳಿಗೆ ಕುತ್ತಿ ಕುತ್ತಿ ತುಂಬುವುದೇ ನಿಜವಾದ ಕೆಲಸ.

ನಿಮ್ಮ ಚಪ್ಪಡಿ ನುಣುಪಾಗಿದ್ದರೆ ಸುಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಕಲ್ಲಿನಲ್ಲಿ ಹುಳಕ್ಕೆ ಜಾಗವಿಲ್ಲ, ಕಲ್ಲು ಕಲ್ಲಿನ ನಡುವೆ ಇದೆ. ಆ ಸಂದಿಗಳನ್ನು ಕೆರೆದು ಸಿಮೆಂಟ್ ಗಾರೆ ತುಂಬಿಸಿ. ಎನಾಮೆಲ್ ಬಣ್ಣವನ್ನು ಒಳಗೋಡೆಗೆ ನಾನು ಹೊಡೆಯಲಾರೆ, ಏಕೆಂದರೆ ಅದರ ವಾಸನೆ ಕೋಳಿಯ ಉಸಿರಾಟಕ್ಕೆ ಬಹಳ ಕೆಟ್ಟದ್ದು. ಮರದ ಬಾಗಿಲಿಗೆ ಬೇಕಾದರೆ ಹೊಡೆಯಿರಿ, ತೊಳೆಯಲು ಸುಲಭವಾಗುತ್ತದೆ, ಆದರೆ ವಾಸನೆ ಪೂರ್ತಿ ಹೋಗುವವರೆಗೆ ಕೋಳಿಗಳು ಹೊರಗಿರಬೇಕು. ಡಬ್ಬ ಯಾವ ಕಾಲದ್ದೆಂದೂ ನೋಡಿಕೊಳ್ಳಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವಾದರೆ ಕೋಳಿ ಕುಕ್ಕಿ ತಿನ್ನುವ ಜಾಗಕ್ಕೆ ಬೇಡವೇ ಬೇಡ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರೊಬ್ಬರು:

ಮೇಲಿನವರು ಹೇಳಿದ್ದರಲ್ಲಿ ಕೂರುವ ಗಳದ ವಿಷಯ ಸಾಲದಾಯಿತು. ನಮ್ಮ ಕಡೆ ಎಲ್ಲರೂ ನೀಲಗಿರಿ ಗಳವನ್ನೇ ಕಟ್ಟುತ್ತಾರೆ, ಆದರೆ ತೊಗಟೆ ತೆಗೆಯುವುದಿಲ್ಲ. ನಮ್ಮ ಗೂಡಿನಲ್ಲಿ ಆ ತೊಗಟೆಯ ಅಡಿಯಲ್ಲಿ ಕೈಬೆರಳಿಂದ ಬಳಿದು ತೆಗೆಯುವಷ್ಟು ನುಸಿ ಸಿಕ್ಕಿತು. ತೊಗಟೆ ಸುಲಿದು, ಗಳವನ್ನು ಗೋಡೆಗೆ ತಾಗದಂತೆ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ, ಆ ಕಾಲುಗಳಿಗೆ ಗ್ರೀಸ್ ಬಳಿದ ಮೇಲೆಯೇ ನಮಗೆ ಫಲ ಕಂಡದ್ದು.

ರೇಷ್ಮೆ ಹುಳುಮನೆ ಶುಚಿ ಮಾಡುವ, ಬೆಂಕಿ ಉಗುಳುವ ಫ್ಲೇಮ್ ಗನ್ ಇದ್ದವರಲ್ಲಿ ಎರವಲು ತಂದು ಕಬ್ಬಿಣದ ಜಾಲರಿ, ಕೀಲುಗಳ ಮೇಲೆ ಒಮ್ಮೆ ಹಾಯಿಸಿದರೆ ಮೊಟ್ಟೆಗಳೂ ಸುಟ್ಟುಹೋಗುತ್ತವೆ. ಆದರೆ ಕಲ್ಲು ಚಪ್ಪಡಿಯ ಮೇಲೆ ಒಂದೇ ಕಡೆ ಬೆಂಕಿ ಹಿಡಿದರೆ ಕಲ್ಲು ಚಟ್ಟನೆ ಸಿಡಿಯುತ್ತದೆ, ಸಿಮೆಂಟ್ ಶೀಟೂ ಅಷ್ಟೇ. ನಾವು ಬಳಸುವ ಬ್ಲೀಚಿಂಗ್ ಪುಡಿಯ ದ್ರಾವಣ ರೋಗಾಣುಗಳಿಗೆ ಸರಿ, ಸಂದಿಯಲ್ಲಿರುವ ನುಸಿಗೆ ಅದನ್ನು ನಂಬಬೇಡಿ. ಮುಖ್ಯವಾಗಿ, ಅಂಗಡಿಯವರು ಕೊಟ್ಟರೆಂದು ಸೈಪರ್‌ಮೆತ್ರಿನ್ ಅಥವಾ ಡೆಲ್ಟಾಮೆತ್ರಿನ್ ಕೀಟನಾಶಕ ಸಿಂಪಡಿಸುವ ಮುನ್ನ ಗಾಳಿ ಬೀಸುವ ದಿಕ್ಕಿನಲ್ಲಿ ಯಾರದಾದರೂ ಹಿಪ್ಪುನೇರಳೆ ತೋಟ ಇದೆಯೇ ನೋಡಿ. ಆ ಸೊಪ್ಪು ತಿಂದ ರೇಷ್ಮೆ ಹುಳುಗಳು ಉಳಿಯುವುದಿಲ್ಲ. ನಿಮ್ಮ ಹದಿನೆಂಟು ಕೋಳಿಗಳಿಗಾಗಿ ಪಕ್ಕದವರ ಒಂದು ಬೆಳೆಯೇ ಹೋದೀತು.

ಮಧುಗಿರಿಯಿಂದ ಒಬ್ಬರು:

ಇಷ್ಟೆಲ್ಲ ಏಕೆ? ನಮ್ಮ ತಾಯಿಯವರು ಸುಣ್ಣಕ್ಕೆ ಸೀಮೆಎಣ್ಣೆ ಬೆರೆಸಿ ಬಳಿಸುತ್ತಿದ್ದರು, ವರ್ಷವಿಡೀ ಹುಳ ಇರುತ್ತಿರಲಿಲ್ಲ. ಈಗ ಸೀಮೆಎಣ್ಣೆ ಸಿಗುವುದು ಕಷ್ಟವಾದ್ದರಿಂದ ನಾನು ಹೊಂಗೆ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಗಳಗಳಿಗೆ ಮಾತ್ರ ಹಚ್ಚುತ್ತೇನೆ. ಒಲೆಯ ಬೂದಿಯನ್ನು ಗುಂಡಿಯಲ್ಲಿ ಹಾಕಿಟ್ಟರೆ ಕೋಳಿಗಳು ತಾವೇ ಹೊರಳಾಡಿ ಹೇನು ಕಡಿಮೆ ಮಾಡಿಕೊಳ್ಳುತ್ತವೆ.

ಗುಬ್ಬಿಯವರೇ ಮತ್ತೆ:

ಬೂದಿಯ ಮಾತು ಒಪ್ಪಿದೆ. ಸೀಮೆಎಣ್ಣೆ ತಾಗಿದ ಹುಳ ಸಾಯುವುದೂ ನಿಜವೇ, ಆದರೆ ಹೊಟ್ಟು ಹರಡಿದ ಗೂಡಿನಲ್ಲಿ ಒಂದು ಬೀಡಿಯ ಕಿಡಿ ಸಾಕು. ತಾಯಿಯವರ ಗೂಡಿನಲ್ಲಿ ಹುಳ ಇಲ್ಲದಿದ್ದುದಕ್ಕೆ ಅವರು ದಿನವೂ ಹಿಕ್ಕೆ ಗುಡಿಸುತ್ತಿದ್ದುದೂ ಕಾರಣವಿರಬಹುದಲ್ಲವೇ?

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕೋಲಾರ:

ಉಣ್ಣೆಯೇ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅದರ ಮರಿಗಳು ದೊಡ್ಡವುಗಳ ಹಾಗೆ ರಾತ್ರಿಗೊಮ್ಮೆ ಬಂದು ಹೋಗುವುದಿಲ್ಲ. ಐದರಿಂದ ಹತ್ತು ದಿನ ರೆಕ್ಕೆಯ ಅಡಿಯಲ್ಲಿ ಕಚ್ಚಿಕೊಂಡೇ ಇರುತ್ತವೆ. ಗೂಡನ್ನು ಶುಚಿ ಮಾಡಿದ ದಿನವೇ ಕೋಳಿಗಳನ್ನು ಒಳಗೆ ಬಿಟ್ಟರೆ ನೀವೇ ಉಣ್ಣೆಯನ್ನು ಹೊತ್ತು ತಂದು ಬಿಟ್ಟಂತೆ. ಉಣ್ಣೆ ಕೋಳಿಗಳಿಗೆ ಸ್ಪೈರೋಕೀಟೋಸಿಸ್ ಎಂಬ ಜ್ವರವನ್ನೂ ಹರಡುತ್ತದೆ. ಹಸಿರು ಭೇದಿ, ತೂಕಡಿಕೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಮೈಮೇಲೆ ಹಾಕುವ ಔಷಧಿಯನ್ನು ಅವರನ್ನೇ ಕೇಳಿ ತನ್ನಿ, ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದೂ ಕೇಳಿ. 2017ರಲ್ಲಿ ನೆದರ್‌ಲೆಂಡ್ಸ್, ಬೆಲ್ಜಿಯಂಗಳ ಕೋಳಿ ಫಾರಂಗಳಲ್ಲಿ ಇದೇ ಕೆಂಪು ನುಸಿಗೆಂದು ಬಳಸಿದ ದ್ರಾವಣದಲ್ಲಿ ಫಿಪ್ರೋನಿಲ್ ಎಂಬ ಕೀಟನಾಶಕ ಸೇರಿದ್ದುದು ಮೊಟ್ಟೆಗಳಲ್ಲಿ ಪತ್ತೆಯಾಗಿ, ಲಕ್ಷಾಂತರ ಮೊಟ್ಟೆಗಳನ್ನು ನಾಶಪಡಿಸಬೇಕಾಯಿತು. ನಾಯಿಯ ಉಣ್ಣೆಗೆ ಹಾಕುವ ಔಷಧಿಗಳಲ್ಲಿ ಹಲವು ಇದೇ ಫಿಪ್ರೋನಿಲ್‌ನವು. ಮನೆಯಲ್ಲಿ ಉಳಿದಿದೆಯಲ್ಲ ಎಂದು ಅದನ್ನು ಕೋಳಿಗೆ ಹಾಕಿದವರನ್ನು ನಾನು ಕಂಡಿದ್ದೇನೆ.

ಕೇಳಿದವರು:

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಬಾಗಿಲಿನ ಮೇಲಿನ ಕೀಲಿನ ಹಿಂದೆ ಹತ್ತಾರು ಉಣ್ಣೆಗಳಿದ್ದವು, ಬಟ್ಟೆಯ ಮೇಲೆ ರಕ್ತದ ಗೀರು ಬೀಳಲಿಲ್ಲ. ಬಾಗಿಲನ್ನು ಕಳಚಿ ಬಿಸಿಲಿಗೆ ಹಾಕಿದ್ದೇನೆ, ನಾಳೆ ಗಾರೆಯವರು ಬರುತ್ತಾರೆ. ಉಣ್ಣೆ ಮರಿಗಳು ಮೈಯಿಂದ ಉದುರುವವರೆಗಿನ ಆ ಹತ್ತು ದಿನ ಕೋಳಿಗಳನ್ನು ಎಲ್ಲಿ ಕೂಡುವುದು ಎಂಬುದೊಂದೇ ಉಳಿದಿದೆ.

ಗುಬ್ಬಿಯವರು:

ಮಂಕರಿಗಳ ಅಡಿಯಲ್ಲಿ ಎರಡೆರಡನ್ನು ಕೂಡಿ, ಬಿದಿರಿನ ಹೆಣಿಗೆಯಲ್ಲಿ ಉಣ್ಣೆ ನಿಲ್ಲದಂತೆ ದಿನವೂ ಬೆಳಗ್ಗೆ ಅವುಗಳ ಮೇಲೆ ಕುದಿನೀರು ಸುರಿಯಿರಿ. ನುಗ್ಗೆ ಮರದ ಕೆಳಗೆ ಮಾತ್ರ ಇಡಬೇಡಿ. ತಿಂಗಳಿಂದ ಅಲ್ಲೇ ಮಲಗಿದ ಕೋಳಿಗಳಿಂದ ಉದುರಿದ ಉಣ್ಣೆ ಮರಿಗಳು ಆ ತೊಗಟೆಯಲ್ಲೂ ಸೇರಿಕೊಂಡಿರಬಹುದು.