ಪದಚರ್ಚೆ: ಎರರ್ ಮೆಸೇಜಿನಲ್ಲಿ ‘ಅಕ್ಷರ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ,

ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಪರದೆ) ಓಡುವ ಒಂದು ಚಿಕ್ಕ ಪ್ರೋಗ್ರಾಮಿನ ಮೆಸೇಜುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫೈಲು ಓದಿ, ಎನ್‌ಕೋಡಿಂಗ್ (ಬರಹವನ್ನು ಕಂಪ್ಯೂಟರಿನೊಳಗೆ ಸಂಖ್ಯೆಗಳಾಗಿ ಇಡುವ ಬಗೆ) ಎಲ್ಲಿ ಕೆಟ್ಟಿದೆ ಅಂತ ತೋರಿಸಿ, ಆದಷ್ಟು ಸರಿಪಡಿಸುವುದು ಅದರ ಕೆಲಸ. ‘ಎನ್‌ಕೋಡಿಂಗ್’ ಅನ್ನೋದನ್ನ ಹಾಗೇ ಉಳಿಸಿಕೊಂಡಿದ್ದೇನೆ. ‘ಸಂಕೇತೀಕರಣ’ ಅಂದರೆ ಏನೋ ಗುಟ್ಟಿನ ಬರಹ ಅನ್ನಿಸಿಬಿಡುತ್ತದೆ. ನನ್ನ ತೊಡಕು ಇರುವುದು ‘ಕ್ಯಾರೆಕ್ಟರ್’ಗೆ ‘ಅಕ್ಷರ’ ಅನ್ನುವುದರಲ್ಲಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಕನ್ನಡ’ ಎಂಬ ಪದವನ್ನು ಕನ್ನಡಕ್ಕೆ ಜಾಗವೇ ಇಲ್ಲದ ಹಳೆಯ ಎನ್‌ಕೋಡಿಂಗ್ ಆದ ಆಸ್ಕಿಗೆ ಬದಲಿಸಲು ಹೋದರೆ, 0ಯಿಂದ 4ರವರೆಗಿನ ಕ್ಯಾರೆಕ್ಟರುಗಳು ಆಗುವುದಿಲ್ಲ ಅಂತ ಎರರ್ ಬರುತ್ತದೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಒಟ್ಟು ಐದು. ಇದನ್ನು ‘ಐದು ಅಕ್ಷರ’ ಅಂತ ಬರೆಯೋದು ಹೇಗೆ? ಕನ್ನಡ ಮೂರಕ್ಷರದ ಪದ ಅಲ್ವಾ! ಲಿಪಿಯ ಒಂದೊಂದು ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಮಾತ್ರ ಐದು: ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ‘ನ್ನ’ ಒಳಗೆ ಮೂರು ತುಂಡುಗಳಿವೆ.

‘ವರ್ಣ’ ಅನ್ನೋಣವೆಂದರೆ ಅದೂ ಹೊಂದುವುದಿಲ್ಲ. ವ್ಯಾಕರಣದಂತೆ ಬಿಡಿಸಿದರೆ ಕ್ ಅ ನ್ ನ್ ಅ ಡ್ ಅ, ಏಳು ವರ್ಣ. ‘ಚಿಹ್ನೆ’ ಅಂದರೆ ಜನ ಅಲ್ಪವಿರಾಮ, ಪ್ರಶ್ನಾರ್ಥಕ ಹುಡುಕುತ್ತಾರೆ. ಯುನಿಕೋಡ್ ಕೊಡುವ ಆ ಸಂಖ್ಯೆಯ ಹೆಸರು ‘ಕೋಡ್ ಪಾಯಿಂಟ್’. ಅದು ಸರಿಯಾದ ಪದವೇ, ಆದರೆ ಈ ಪ್ರೋಗ್ರಾಮ್ ಬಳಸುವವರೆಲ್ಲ ಪ್ರೋಗ್ರಾಮರುಗಳಲ್ಲ. ಸದ್ಯಕ್ಕೆ ‘ಲಿಪಿತುಂಡು’ ಅಂತ ಹಾಕಿದ್ದೇನೆ. ಕಿವಿಗೆ ಒರಟು, ಗೊತ್ತು.

ಓದುವಾಗ ಬರುವ ಎರರಿನದು ಇನ್ನೊಂದು ಲೆಕ್ಕ. ಯುನಿಕೋಡ್ ಬರಹವನ್ನು ಫೈಲಿನಲ್ಲಿ ಉಳಿಸುವ ಎನ್‌ಕೋಡಿಂಗ್ ಆದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ತುಂಡಿಗೂ ಮೂರು ಬೈಟ್ (ಫೈಲಿನ ಗಾತ್ರ ಅಳೆಯುವ ಕಿರುಘಟಕ). ‘ಕನ್ನಡ’ಕ್ಕೆ 15. ಫೈಲು 14ನೇ ಬೈಟಿಗೇ ತುಂಡಾಗಿದ್ದರೆ ‘ಡ’ ಅರ್ಧಕ್ಕೆ ನಿಂತುಹೋಗುತ್ತದೆ. ಆಗ ಪೈಥಾನ್ ಹೇಳುವ ಸ್ಥಾನ 12-13. ಅದು ಸೊನ್ನೆಯಿಂದ ಶುರುವಾದ ಬೈಟಿನ ಎಣಿಕೆ. ಸುಮ್ನೆ ‘ಸ್ಥಾನ 12’ ಅಂತ ಕನ್ನಡಿಸಿದರೆ ಮೂರಕ್ಷರದ ಪದದಲ್ಲಿ ಹನ್ನೆರಡನೆಯದನ್ನು ಎಲ್ಲಿ ಹುಡುಕುವುದು? ಇಲ್ಲಿ ‘ಬೈಟ್’ ಅಂತ ಬಿಡಿಸಿ ಬರೆಯಲೇಬೇಕು ಅನ್ನುವುದು ನನ್ನ ಹಟ.

ಇನ್ನೊಂದು ಪದವೂ ಬೇಕಾಗಿದೆ. ಯುಟಿಎಫ್-8 ಫೈಲನ್ನು ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್ ಆದ ವಿಂಡೋಸ್-1252 ಅಂತ ಓದಿದರೆ ‘ಕ’ ಇದ್ದಲ್ಲಿ ನೆತ್ತಿಯ ಮೇಲೆ ಗೆರೆ ಇರುವ ಇಂಗ್ಲಿಷ್ ‘a’, ಮೇಲೆತ್ತಿದ ಪುಟ್ಟ 2, ಒಂದು ದಪ್ಪ ಚುಕ್ಕೆ ಕಾಣುತ್ತವೆ. ಜಪಾನಿಯರು ಇದಕ್ಕೆ ‘ಮೊಜಿಬಾಕೆ’ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೂ ‘ಫಾಂಟ್ ಸರಿಯಿಲ್ಲ’, ಖಾಲಿ ಚೌಕ ಬಂದರೂ ‘ಫಾಂಟ್ ಸರಿಯಿಲ್ಲ’. ಚೌಕಕ್ಕೆ ಫಾಂಟ್ ಹಾಕಿದರೆ ಸಾಕು. ಮೊದಲನೆಯದಕ್ಕೆ ಎಷ್ಟು ಫಾಂಟ್ ಬದಲಿಸಿದರೂ ಏನೂ ಆಗದು, ಸರಿಯಾದ ಎನ್‌ಕೋಡಿಂಗ್ ಹೇಳಿ ಮತ್ತೆ ಓದಿಸಬೇಕು. ‘ಮರ್ಯಾದೆಗೇಡು’ ಇದ್ದಂತೆ ‘ಅಕ್ಷರಗೇಡು’ ಅನ್ನಬಹುದೇ? ಅಥವಾ ಅದು ಓದು ಬರಹ ಬಾರದವರನ್ನು ಬೈದ ಹಾಗೆ ಕೇಳಿಸುತ್ತದೆಯೇ?

‘ಲಿಪಿತುಂಡು’ಗಿಂತ ನಯವಾದದ್ದು ಯಾರಿಗಾದರೂ ಹೊಳೆದರೆ ತಿಳಿಸಿ. ಪದ ಚಿಕ್ಕದಿದ್ದಷ್ಟೂ ಒಳ್ಳೆಯದು, ಮೆಸೇಜು ಒಂದೇ ಸಾಲಿನಲ್ಲಿ ಹಿಡಿಯಬೇಕು.