ಗುರಿ ಹೊಡೆಯಲು ಮೊದಲ ಪಿಸ್ತೂಲು ಯಾವುದು ತಗೊಳ್ಳಲಿ? ಅನುಭವ ಇದ್ದವರು ಹೇಳಿ

ಇಷ್ಟು ದಿನ ಶೂಟಿಂಗ್ ರೇಂಜಿನಲ್ಲಿ ಬೇರೆಯವರ ಪಿಸ್ತೂಲಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ರುಚಿ ಹತ್ತಿಬಿಟ್ಟಿದೆ, ಈಗ ಸ್ವಂತದ್ದೊಂದು ಬೇಕು. ಸ್ಪರ್ಧೆಗೆ ಹೋಗುವ ಆಸೆ ಇಲ್ಲ. ಕಾಗದದ ಗುರಿಗೆ ನೆಮ್ಮದಿಯಾಗಿ ಹೊಡೆಯಬೇಕು, ಅಷ್ಟೇ. ಅಂಗಡಿಯವರು 9 ಎಂಎಂ ಅನ್ನುತ್ತಾರೆ. ಗೆಳೆಯನೊಬ್ಬ ರಿವಾಲ್ವರ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾನೆ. ನನ್ನ ಕೈ ಚಿಕ್ಕದು, ನಾನು ಎಡಚ, ಸಾಲದ್ದಕ್ಕೆ ಕನ್ನಡಕ ಬೇರೆ. ಕೊಂಡವರು, ಕೊಂಡು ಮಾರಿದವರು ಎಲ್ಲರೂ ಹೇಳಿ.

* * *

ಪಾಯಿಂಟ್ 22 (ಸುಮಾರು 0.22 ಇಂಚು ಅಗಲದ ಪುಟ್ಟ ಗುಂಡಿನದು) ತಗೊಳ್ಳಿ. ಪೂರ್ತಿ ಸೈಜಿನದು, ಉದ್ದ ನಳಿಗೆಯದು, ಹಿಂದಿನ ಸೈಟನ್ನು (ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಇರುವ ಗುರುತುಗಳಲ್ಲಿ ಹಿಂದಿನದನ್ನು) ತಿರುಪು ತಿರುಗಿಸಿ ಹೊಂದಿಸಲು ಬರುವಂಥದು. ಉತ್ತರ ಇಷ್ಟೇ. ಆದ್ರೆ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

9 ಎಂಎಂನ ಗುಂಡು ಸಾಮಾನ್ಯವಾಗಿ ಏಳೂವರೆಯಿಂದ 8 ಗ್ರಾಂ ತೂಗುತ್ತದೆ. ಪಾಯಿಂಟ್ 22 ಲಾಂಗ್ ರೈಫಲ್‌ನದು ಸುಮಾರು 2.6 ಗ್ರಾಂ. ಕೈಗೆ ಬೀಳುವ ಒದೆತದಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಒದೆತ ನೋಯಿಸುತ್ತದೆ ಅಂತ ನಾನು ಹೇಳುತ್ತಿಲ್ಲ, 9 ಎಂಎಂ ಯಾರ ಕೈಯನ್ನೂ ಮುರಿಯುವುದಿಲ್ಲ. ತೊಂದರೆ ಬೇರೆಯದು. ಒದೆತಕ್ಕೂ ಸದ್ದಿಗೂ ಮನಸ್ಸು ಮೊದಲೇ ತಯಾರಾಗಿಬಿಡುತ್ತದೆ. ಟ್ರಿಗರ್ ಎಳೆಯುವ ಹೊತ್ತಿಗೆ ಸರಿಯಾಗಿ ಮಣಿಕಟ್ಟು ತಾನಾಗಿ ಕೆಳಗೆ ತಳ್ಳುತ್ತದೆ. ಹೊಡೆತ ಕೆಳಗೆ ಬೀಳುತ್ತದೆ, ಬಲಗೈಯವರಿಗೆ ಕೆಳಗೆ ಎಡಕ್ಕೆ, ನಿಮ್ಮಂಥ ಎಡಚರಿಗೆ ಕೆಳಗೆ ಬಲಕ್ಕೆ. ಹೊಡೆಯುವವರು ಸೈಟ್ ಸರಿಯಿಲ್ಲ ಅಂದುಕೊಂಡು ಅದನ್ನು ತಿರುಗಿಸುತ್ತಾ ಕೂರುತ್ತಾರೆ.

ಇದನ್ನು ಹಿಡಿಯುವುದು ಸುಲಭ. ಜೊತೆಗಿರುವವರಿಗೆ ಮ್ಯಾಗಜಿನ್ ತುಂಬಲು ಹೇಳಿ. ನಡುವೆ ಎಲ್ಲೋ ಒಂದು ಡಮ್ಮಿ ಗುಂಡು (ಮದ್ದಿಲ್ಲದ್ದು) ಸೇರಿಸಲಿ, ಎಲ್ಲಿ ಅಂತ ನಿಮಗೆ ಹೇಳಬಾರದು. ಡಮ್ಮಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ, ಆದರೂ ನಳಿಗೆಯ ತುದಿ ಕೆಳಗೆ ಧುಮುಕುತ್ತದೆ. ಅಕ್ಕಪಕ್ಕದವರೆಲ್ಲ ನಗುತ್ತಾರೆ, ನೀವೂ ನಗುತ್ತೀರಿ. ಈ ಬೆಚ್ಚುವ ಚಾಳಿ ಒಮ್ಮೆ ಅಂಟಿತು ಅಂದರೆ ಬಿಡಿಸಲು ತುಂಬ ದಿನ ಹಿಡಿಯುತ್ತದೆ. ಪಾಯಿಂಟ್ 22ರಲ್ಲಿ ಶುರು ಮಾಡಿದವರಿಗೆ ಅದು ಅಷ್ಟಾಗಿ ಅಂಟುವುದಿಲ್ಲ.

ಇನ್ನೊಂದು ಲೆಕ್ಕ ಗುಂಡಿನ ಖರ್ಚು. ಪಿಸ್ತೂಲಿನ ಬೆಲೆ ಒಂದು ಸಲ ಕೊಟ್ಟು ಮರೆಯುವುದು. ಗುಂಡಿನದು ಪ್ರತಿ ಸಲದ್ದು. ದುಬಾರಿ ಗುಂಡಾದರೆ ಎಣಿಸಿ ಎಣಿಸಿ ಹೊಡೆಯುತ್ತೀರಿ. ಅಭ್ಯಾಸ ಅಲ್ಲಿಗೆ ನಿಂತಿತು ಅಲ್ವಾ?

ಹೆಸರು ಬೇಕಾದರೆ ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್ ವಿಕ್ಟರಿ ನೋಡಿ. ಮೂರೂ ಈ ಕೆಲಸಕ್ಕೇ ಮಾಡಿದವು. ರೂಗರ್‌ನ ಈ ವಂಶ 1949ರಿಂದ ಬಂದಿದೆ. ಅದರ ಹಳೆಯ ಮಾದರಿಗಳನ್ನು ಬಿಚ್ಚಿ ಮತ್ತೆ ಜೋಡಿಸುವುದು ದೊಡ್ಡ ತಲೆನೋವು. 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಹಿಂದೆ ಒಂದು ಗುಂಡಿ ಒತ್ತಿದರೆ ಮೇಲಿನ ಭಾಗ ಬಾಗಿ ಕಳಚಿಕೊಳ್ಳುತ್ತದೆ. ಹಳೆಯ ಮಾರ್ಕ್ 3 ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯುವ ಮೊದಲು ಒಮ್ಮೆ ಬಿಚ್ಚಿ ಜೋಡಿಸಿ ನೋಡಿ.

ಇಷ್ಟಕ್ಕೂ ಮೊದಲು ನಿಮ್ಮಲ್ಲಿ ಲೈಸೆನ್ಸಿನ ನಿಯಮ ಏನು, ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಇಟ್ಟುಕೊಳ್ಳಬಹುದು ಅನ್ನುವುದನ್ನು ತಿಳಿದುಕೊಳ್ಳಿ. ಮನಸ್ಸು ಕೊಟ್ಟ ಮೇಲೆ ಅದು ಸಿಗುವುದಿಲ್ಲ ಅಂದರೆ ಬೇಜಾರು.

* * *

ಮೇಲಿನವರ ಮಾತು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದ್ರೆ ಪಾಯಿಂಟ್ 22ರ ಬಗ್ಗೆ ಎಲ್ಲರೂ ಮುಚ್ಚಿಡುವ ಒಂದು ವಿಷಯ ಇದೆ. ಅದು ರಿಮ್‌ಫೈರ್. ಹೊತ್ತಿಸುವ ಮದ್ದು ತೋಟೆಯ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲೋ ಒಂದು ಕಡೆ ಮದ್ದು ಕಮ್ಮಿ ಇದ್ದು, ಪಿನ್ ಅಲ್ಲೇ ಬಡಿದರೆ ಗುಂಡು ಹಾರುವುದಿಲ್ಲ. ಅಗ್ಗದ ಡಬ್ಬಿಗಳಲ್ಲಿ ಇದು ಆಗಾಗ ಆಗುತ್ತದೆ. ಜೊತೆಗೆ ಮೇಣ, ಮಸಿ, ಸುಡದೆ ಉಳಿದ ಪುಡಿ. ಪಿಸ್ತೂಲು ಬೇಗ ಗಲೀಜಾಗುತ್ತದೆ, ಸಿಕ್ಕಿಕೊಳ್ಳುತ್ತದೆ. ಹೊಸಬರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ಗುಂಡಿನ ಖರ್ಚು ನಿಮಗೆ ಭಾರ ಅಲ್ಲ ಅಂದರೆ 9 ಎಂಎಂನಿಂದಲೂ ಶುರು ಮಾಡಬಹುದು. ಷರತ್ತು ಒಂದೇ: ಭಾರದ್ದು ತಗೊಳ್ಳಿ. ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು ಪುಟ್ಟ, ಹಗುರದ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲು. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಅಂತ ಬೇರೆ ಹೇಳುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಅದೇ ಗುಂಡು, ಕಮ್ಮಿ ತೂಕ, ಅಂದ ಮೇಲೆ ಒದೆತ ಜಾಸ್ತಿ. ನಾನು ಇಟ್ಟುಕೊಂಡಿರುವುದು ಸಿಜೆಡ್ ಶ್ಯಾಡೋ 2. ಪೂರ್ತಿ ಉಕ್ಕು, ಖಾಲಿ ಇದ್ದಾಗಲೇ ಸುಮಾರು 1.3 ಕಿಲೋ. ಹೊಡೆದರೆ ಸುಮ್ನೆ ಒಂಚೂರು ಏರಿ ಇಳಿಯುತ್ತದೆ. ಗ್ಲಾಕ್ 17 ಇದರ ಅರ್ಧ ತೂಕದ ಆಸುಪಾಸು. ಗ್ಲಾಕ್ ಗಟ್ಟಿಮುಟ್ಟು, ಒಪ್ಪಿದೆ. ಆದರೆ ಅದರ ಟ್ರಿಗರ್ ಕಾಗದದ ಮೇಲೆ ಹೊಡೆತಗಳೆಲ್ಲ ಒತ್ತೊತ್ತಾಗಿ ಪುಟ್ಟ ಗುಂಪಾಗಿ ಬೀಳಲಿ ಅಂತ ಮಾಡಿದ್ದಲ್ಲ.

* * *

ಇಬ್ಬರೂ ಟ್ರಿಗರ್ ಬಗ್ಗೆ ಬೇಗ ಹೇಳಿ ಮುಂದೆ ಹೋದರು. ನನ್ನ ಪ್ರಕಾರ ಕ್ಯಾಲಿಬರ್‌ಗಿಂತ ಮೊದಲು ನೋಡಬೇಕಾದ್ದು ಅದನ್ನೇ. 1 ಕಿಲೋ ತೂಕದ ಪಿಸ್ತೂಲಿಗೆ ಎರಡೂವರೆ ಕಿಲೋ ಎಳೆತದ ಟ್ರಿಗರ್ ಇದ್ದರೆ ಬೆರಳು ಪಿಸ್ತೂಲನ್ನೇ ಎಳೆದುಬಿಡುತ್ತದೆ. 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಟ್ರಿಗರ್ ಎಳೆತ ಕನಿಷ್ಠ 1000 ಗ್ರಾಂ ಇರಬೇಕು ಅಂತ ನಿಯಮ. ನಿಮಗೂ 1ರಿಂದ ಒಂದೂವರೆ ಕಿಲೋ ಹತ್ತಿರದ್ದು ಸಿಕ್ಕರೆ ಚೆನ್ನ. ತೂಕಕ್ಕಿಂತಲೂ ನಡತೆ ಮುಖ್ಯ. ಸಡಿಲ ಭಾಗ ಮುಗಿದು ಗೋಡೆಯಂಥ ಒಂದು ತಡೆ ಸಿಗಬೇಕು, ಅಲ್ಲಿಂದ ಗಾಜಿನ ಕಡ್ಡಿ ಮುರಿದ ಹಾಗೆ ಪಟ್ಟನೆ ಬಿಡಬೇಕು. ಮರಳಿನಲ್ಲಿ ಎಳೆದ ಹಾಗೆ ಗೊರಗೊರ ಅಂದರೆ ಬೇಡ.

ರಿವಾಲ್ವರ್ ವಿಷಯ. ನಿಮ್ಮ ಗೆಳೆಯರ ಮಾತು ಪೂರ್ತಿ ತಪ್ಪಲ್ಲ. ಪಾಯಿಂಟ್ 357 ರಿವಾಲ್ವರ್‌ನಲ್ಲಿ ಮೆತ್ತಗಿನ ಪಾಯಿಂಟ್ 38 ಸ್ಪೆಷಲ್ ಹೊಡೆಯಬಹುದು, ಗನ್ ಭಾರ ಇರುವುದರಿಂದ ಹಿತವಾಗಿರುತ್ತದೆ. ಇದನ್ನು ತಿರುಗಾಮುರುಗಾ ಮಾತ್ರ ಮಾಡಬಾರದು, ಅಂದರೆ ಪಾಯಿಂಟ್ 38 ಗನ್ನಿಗೆ ಪಾಯಿಂಟ್ 357 ಗುಂಡು ಹಾಕಬಾರದು. ಗನ್ನಿನ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಹಿಂದಕ್ಕೆ ಎಳೆದಿಟ್ಟು ಹೊಡೆದರೆ ಟ್ರಿಗರ್ ತುಂಬ ಹಗುರ. ಎಳೆದಿಡದೆ ಹೊಡೆದರೆ ಉದ್ದ ಮತ್ತು ಭಾರ, ಚಿಕ್ಕ ಕೈಯವರ ಬೆರಳಿಗೆ ಅದು ಎಟುಕುವುದೇ ಕಷ್ಟ.

* * *

ಯಾರೂ ಏರ್ ಪಿಸ್ತೂಲು ಅನ್ನಲಿಲ್ಲವಲ್ಲ! 4.5 ಎಂಎಂ ಸೀಸದ ಪೆಲೆಟ್, 10 ಮೀಟರ್ ದೂರ. ಕಪ್ಪು ವೃತ್ತ 59.5 ಮಿಲಿಮೀಟರ್ ಅಗಲ, ಅದರ ನಡುವಿನ ಹತ್ತು ಅಂಕದ ಉಂಗುರ ಬರೀ 11.5. ಒಲಿಂಪಿಕ್ಸ್‌ನಲ್ಲೂ ಇದೇ ಗುರಿ. ಆಟಿಕೆ ಅನ್ನುವವರು ಒಂದು ಸಲ ಒಂಟಿ ಕೈಯಲ್ಲಿ ಹಿಡಿದು ನೋಡಲಿ. ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ತಪ್ಪಿಗೆ ನೆಪ ಹೇಳಲು ಏನೂ ಉಳಿಯುವುದಿಲ್ಲ. ಸದ್ದು ಕಮ್ಮಿ. ಎಷ್ಟೋ ಕಡೆ ಕಾಗದಪತ್ರದ ಗೋಜೂ ಕಮ್ಮಿ. ಚಿಕ್ಕ ಕೈಗೆ ತಕ್ಕ ಅಳತೆಯ ಮರದ ಹಿಡಿ ಸಿಗುತ್ತದೆ. ಆದರೆ ಎಡಗೈಯ ಹಿಡಿ ಬೇಕು ಅಂತ ಮೊದಲೇ ಹೇಳಬೇಕು, ಬಲಗೈಯದು ನಿಮಗೆ ಕೂರುವುದೇ ಇಲ್ಲ.

* * *

ಪ್ರಶ್ನೆ ಕೇಳಿದ್ದು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಏರ್ ಪಿಸ್ತೂಲು ತಲೆಗೇ ಬಂದಿರಲಿಲ್ಲ. ಆದ್ರೆ ಸದ್ದು, ಹೊಗೆ ಇರಬೇಕು ಅಂತ ಆಸೆ, ಏನು ಮಾಡಲಿ! ಪಾಯಿಂಟ್ 22 ಕಡೆಗೇ ವಾಲುತ್ತಿದ್ದೇನೆ. ಕನ್ನಡಕ ಮತ್ತು ಎಡಗೈ ಬಗ್ಗೆ ಯಾರಾದರೂ ಹೇಳುತ್ತೀರಾ? ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್) ಹಾಕಿಸಿಕೊಂಡರೆ ಈ ಸೈಟ್ ಗೋಳೆಲ್ಲ ಮುಗಿಯುತ್ತಾ?

* * *

ಕನ್ನಡಕದವಳು ನಾನು, ಹೇಳುತ್ತೇನೆ ಕೇಳಿ.

ಕಬ್ಬಿಣದ ಸೈಟ್‌ನಲ್ಲಿ, ಅಂದರೆ ಚುಕ್ಕೆಯಿಲ್ಲದ ಮಾಮೂಲಿ ಸೈಟ್‌ನಲ್ಲಿ, ಸ್ಪಷ್ಟ ಕಾಣಬೇಕಾದ್ದು ಮುಂದಿನ ಸೈಟ್. ಗುರಿ ಮಸುಕಾಗಿದ್ದರೆ ಪರವಾಗಿಲ್ಲ. ಇದನ್ನು ನಂಬಲು ಎಲ್ಲರಿಗೂ ಕಷ್ಟ, ಅದಕ್ಕೆ ಲೆಕ್ಕ ಹೇಳುತ್ತೇನೆ. ಎರಡು ಸೈಟ್‌ಗಳ ನಡುವೆ 150 ಮಿಲಿಮೀಟರ್ ಇದೆ ಅಂದುಕೊಳ್ಳಿ. ಮುಂದಿನ ಸೈಟ್ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 25 ಮೀಟರ್‌ನಲ್ಲಿ ಹೊಡೆತ ಸುಮಾರು 17 ಸೆಂಟಿಮೀಟರ್ ಆಚೆ. ಅದೇ ಅಂತರ 200 ಮಿಲಿಮೀಟರ್ ಇದ್ದರೆ ಹನ್ನೆರಡೂವರೆ. ಉದ್ದ ನಳಿಗೆ ತಗೊಳ್ಳಿ ಅಂತ ಮೇಲೆ ಹೇಳಿದ್ದು ಇದಕ್ಕೇ. ಸೈಟ್‌ಗಳು ಸಾಲಾಗಿದ್ದು ಕೈ ಇಡೀ ತುಸು ತೇಲಾಡಿದರೆ ಅಷ್ಟು ನಷ್ಟ ಇಲ್ಲ. ಸಾಲು ತಪ್ಪಿದರೆ ಮಾತ್ರ ಹೊಡೆತ ಎಲ್ಲೋ ಹೋಗುತ್ತದೆ.

ಹಾಗಾಗಿ ನನ್ನ ಕಣ್ಣಿನ ಡಾಕ್ಟರಿಗೆ ಚಾಚಿದ ಕೈಯ ತುದಿಯ ದೂರ ಅಳೆದು ಕೊಟ್ಟು, ಆ ದೂರಕ್ಕೆ ಬೇರೆ ಗಾಜು ಮಾಡಿಸಿಕೊಂಡೆ. ಓದುವುದು, ದೂರ ನೋಡುವುದು ಎರಡೂ ಒಂದೇ ಗಾಜಿನಲ್ಲಿರುವ ಪ್ರೋಗ್ರೆಸ್ಸಿವ್ ಕನ್ನಡಕದಲ್ಲಿ ಸೈಟ್ ಕಾಣಲು ತಲೆ ಎತ್ತಬೇಕಾಗುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ.

ರೆಡ್ ಡಾಟ್‌ನಲ್ಲಿ ಗುರಿಯನ್ನೇ ನೋಡಿದರೆ ಸಾಕು, ಚುಕ್ಕೆ ಅದರ ಮೇಲೆ ತೇಲುತ್ತದೆ. ವಯಸ್ಸಾದ ಕಣ್ಣಿಗೆ ವರ. ಆದರೆ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಇದ್ದವರಿಗೆ ಚುಕ್ಕೆ ದುಂಡಗೆ ಕಾಣದೆ ಬಾಲ ಬಂದ ಹಾಗೆ ಕಾಣಬಹುದು. ಕೊಳ್ಳುವ ಮೊದಲು ಯಾರದ್ದಾದರೂ ಇಸಿದುಕೊಂಡು ನೋಡಿ. ಸೈಟ್ ಗೋಳು ಮುಗಿಯಬಹುದು, ಟ್ರಿಗರ್ ಗೋಳು ಮುಗಿಯುವುದಿಲ್ಲ. ಚುಕ್ಕೆ ನಿಮ್ಮ ನಡುಕವನ್ನೆಲ್ಲ ತೋರಿಸುತ್ತದೆ, ಹೊಸಬರಿಗೆ ಅದನ್ನು ನೋಡಿಯೇ ಗಾಬರಿ.

ಇನ್ನೊಂದು: ನಿಮ್ಮ ಬಲವಾದ ಕಣ್ಣು, ಅಂದರೆ ನೋಡುವಾಗ ಮುಂದಾಗುವ ಜೋರಿನ ಕಣ್ಣು, ಯಾವುದು ಅಂತ ನೋಡಿಕೊಂಡಿದ್ದೀರಾ? ಎರಡೂ ಅಂಗೈ ಸೇರಿಸಿ ನಡುವೆ ಚಿಕ್ಕ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತು ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಬಲವಾದ ಕಣ್ಣು. ಎಡಚರಲ್ಲಿ ಬಲಗಣ್ಣು ಜೋರಿರುವವರೂ ಇದ್ದಾರೆ.

* * *

ನಾನೂ ಎಡಚ. ಅಂಗಡಿಯಲ್ಲಿ ಹೀಗೆ ಮಾಡಿ. ಮೊದಲು ಅವರ ಕೈಯಲ್ಲೇ ಮ್ಯಾಗಜಿನ್ ತೆಗೆಸಿ, ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ತೆರೆಸಿ, ಖಾಲಿ ಇದೆ ಅಂತ ನೀವೂ ನೋಡಿ. ಆಮೇಲೆ ಹಿಡಿಯಿರಿ. ನಳಿಗೆ ಮುಂಗೈಯ ನೇರಕ್ಕೆ ಬರಬೇಕು. ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತಗಿನ ಭಾಗ ಟ್ರಿಗರ್ ಮೇಲೆ ಆರಾಮಾಗಿ ಕೂರಬೇಕು. ಬೆರಳು ಎಟುಕಲಿ ಅಂತ ಹಿಡಿಯನ್ನೇ ತಿರುಗಿಸಿಕೊಳ್ಳಬೇಕಾಗಿ ಬಂದರೆ ಆ ಪಿಸ್ತೂಲು ನಿಮ್ಮದಲ್ಲ, ಎಷ್ಟೇ ಹೊಗಳಿದ್ದರೂ ಸರಿ. ಚಿಕ್ಕ ಕೈಯವರಿಗೆ ಇಡೀ ಪರೀಕ್ಷೆ ಇದೇ. ಹಿಡಿಯ ಅಗಲ ಕಮ್ಮಿ ಇರಬೇಕು, ಪಿಸ್ತೂಲು ಉದ್ದ ಇದ್ದರೆ ಏನೂ ತೊಂದರೆ ಇಲ್ಲ.

ಸೇಫ್ಟಿ ಎಡ ಹೆಬ್ಬೆರಳಿಗೆ ಸಿಗುತ್ತಾ ನೋಡಿ. ಮಾರ್ಕ್ 4ರಲ್ಲಿ ಎರಡೂ ಕಡೆ ಇರುವ ಮಾದರಿಗಳಿವೆ. ಮ್ಯಾಗಜಿನ್ ಗುಂಡಿ ಬಲಗೈಯವರ ಕಡೆಗೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ತೋರುಬೆರಳಲ್ಲಿ ಒತ್ತಿದರಾಯಿತು. ನಮಗೇನು ಅವಸರ?

ಸ್ಲೈಡ್ ಅಥವಾ ಬೋಲ್ಟ್ (ಗುಂಡು ಒಳಗೇರಿಸಲು ಹಿಂದಕ್ಕೆ ಎಳೆಯುವ ಭಾಗ) ಎಳೆಯಲು ಬರುತ್ತಾ ಅಂತಲೂ ನೋಡಿ. ಪಾಯಿಂಟ್ 22ರ ಸ್ಪ್ರಿಂಗ್ ಮೆತ್ತಗಿರುತ್ತದೆ, ಆದರೆ ಹಿಡಿದುಕೊಳ್ಳುವ ಕಿವಿಗಳು ಕೆಲವದರಲ್ಲಿ ತೀರಾ ಚಿಕ್ಕವು.

* * *

ನಾನು ರೇಂಜಿನಲ್ಲಿ ಹೊಸಬರ ಪಕ್ಕ ನಿಲ್ಲುವವನು. ಪಿಸ್ತೂಲಿಗೇ ಪೂರ್ತಿ ದುಡ್ಡು ಸುರಿಯಬೇಡಿ. ಕಿವಿ ಕಾಯುವುದಕ್ಕೆ ಸ್ವಲ್ಪ ಉಳಿಸಿ. 140 ಡೆಸಿಬೆಲ್ ದಾಟಿದ ಒಂದೇ ಹೊಡೆತ ಕಿವಿಗೆ ಹಾನಿ ಮಾಡಬಲ್ಲದು, ಪಾಯಿಂಟ್ 22 ಪಿಸ್ತೂಲೂ ಆ ಗೆರೆ ದಾಟುತ್ತದೆ. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಇರಲಿ. ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ, ನಿಮ್ಮ ನಂಬರ್ ಕನ್ನಡಕದ ಮೇಲೆ ಕೂರುವಂಥದು ಸಿಗುತ್ತದೆ. ಬೀಗ ಇರುವ ಪೆಟ್ಟಿಗೆ, ಗುಂಡಿಗೆ ಬೇರೆ ಬೀಗ. ಎರಡು ಮೂರು ಹೆಚ್ಚುವರಿ ಮ್ಯಾಗಜಿನ್. ಹೊಡೆದು ಮುಗಿದ ಮೇಲೆ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳೆಯಿರಿ, ಅಲ್ಲಿವರೆಗೆ ಬಾಯಿಗೆ ಏನೂ ಹಾಕಬೇಡಿ. ಗುಂಡಿನಲ್ಲೂ ಸೀಸ, ಹೊತ್ತಿಸುವ ಮದ್ದಿನಲ್ಲೂ ಸೀಸ.

ನಳಿಗೆ ಸದಾ ಗುರಿಯ ಕಡೆಗೆ, ಹೊಡೆಯುವವರೆಗೆ ಬೆರಳು ಟ್ರಿಗರ್ ಹೊರಗೆ. ಇದನ್ನು ನಿಮಗೆ ಈಗಾಗಲೇ ಹೇಳಿಕೊಟ್ಟಿರುತ್ತಾರೆ. ಹೊಸಬರಿಗೆ ಗೊತ್ತಿರದ ಎರಡು ಮಾತ್ರ ಹೇಳುತ್ತೇನೆ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ತಿರುಗಿಸಿ ನೋಡಬೇಡಿ. ನಳಿಗೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವುದುಂಟು. ಎರಡನೆಯದು ಇನ್ನೂ ಕೆಟ್ಟದ್ದು. ಢಂ ಅನ್ನುವ ಬದಲು ಬರೀ ಟುಸ್ ಅಂದರೆ ಅಲ್ಲಿಗೆ ನಿಲ್ಲಿಸಿ. ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಮ್ಯಾಗಜಿನ್ ತೆಗೆದು ರೇಂಜಿನವರನ್ನು ಕರೆಯಿರಿ.

* * *

ಸೆಕೆಂಡ್ ಹ್ಯಾಂಡ್ ಪಾಯಿಂಟ್ 22 ಹೆದರದೆ ನೋಡಬಹುದು, ಸೀಸದ ಗುಂಡು ನಳಿಗೆಯನ್ನು ಬೇಗ ಸವೆಸುವುದಿಲ್ಲ. ಸವೆದಿದ್ದರೆ ಅದು ಮಾಲೀಕರು ನಳಿಗೆಯ ಬಾಯಿಯ ಕಡೆಯಿಂದ ಕಡ್ಡಿ ತೂರಿಸಿ ಉಜ್ಜಿ ಉಜ್ಜಿ ಸವೆಸಿದ್ದು. ಬಾಯಿಯ ಅಂಚಿನಲ್ಲಿ ಗೀರು, ಮುಕ್ಕು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಖಾಲಿ ಟ್ರಿಗರ್ ಎಳೆಯುವ ಮೊದಲು ಕೇಳಿ. ಹಳೆಯ ರಿಮ್‌ಫೈರ್‌ಗಳಲ್ಲಿ ಪಿನ್ ಚೇಂಬರಿನ ಅಂಚಿಗೇ ಬಡಿದು ಗುರುತು ಬೀಳುತ್ತದೆ, ಮಾರುವವರಿಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ಹಾಗೆ ಅಭ್ಯಾಸ ಮಾಡುವುದಾದರೆ ಮ್ಯಾನ್ಯುಯಲ್ ಓದಿ, ಡಮ್ಮಿ ಹಾಕಿಕೊಳ್ಳಿ, ನಿಜವಾದ ಗುಂಡು ಆ ಕೋಣೆಯಲ್ಲೇ ಇರಬಾರದು.

* * *

ಕೊನೆಗೆ ಗುಂಡಿನ ಬಗ್ಗೆ ಒಂದು ಮಾತು. ಪಿಸ್ತೂಲು ಬಂದ ಖುಷಿಗೆ ಒಂದೇ ಜಾತಿಯ ಗುಂಡನ್ನು ದೊಡ್ಡ ಪೆಟ್ಟಿಗೆಗಟ್ಟಲೆ ತರಬೇಡಿ. ಪಾಯಿಂಟ್ 22ಗೆ ಅದರದೇ ನಾಲಿಗೆ ಇದೆ. ಒಂದು ಕಂಪನಿಯದು ಒಂದರಲ್ಲಿ ಬೆಣ್ಣೆಯಂತೆ ನಡೆಯುತ್ತದೆ, ಪಕ್ಕದವರ ಅದೇ ಮಾದರಿಯ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಸಿಐ, ಎಸ್‌ಕೆ, ಏಲಿ, ಸಿಕ್ಕಿದ್ದರಲ್ಲಿ ಒಂದೊಂದು ಡಬ್ಬಿ ತನ್ನಿ. ಸ್ಟ್ಯಾಂಡರ್ಡ್ ವೆಲಾಸಿಟಿಯದೇ ಇರಲಿ, ಅದು ಶಬ್ದದ ವೇಗಕ್ಕಿಂತ ಕೆಳಗೇ ಹಾರುತ್ತದೆ, ಕಾಗದಕ್ಕೆ ಅಷ್ಟು ಸಾಕು. ಮೊಣಕೈ ಮೇಜಿಗೆ ಊರಿ, ಒಂದೊಂದು ಡಬ್ಬಿಯದನ್ನು ಬೇರೆ ಬೇರೆ ಕಾಗದಕ್ಕೆ ಹೊಡೆದು ಕಾಗದದ ಮೇಲೆ ಹೆಸರು ಬರೆದಿಡಿ. ಗುಂಪು ಯಾವುದು ಚಿಕ್ಕದೋ, ಸಿಕ್ಕಿಕೊಳ್ಳದೆ ಯಾವುದು ಓಡಿತೋ, ಅದನ್ನು ಜಾಸ್ತಿ ತನ್ನಿ. ಹಿಂದಿನ ಸೈಟಿನ ತಿರುಪು ಮುಟ್ಟುವುದು ಅದಾದ ಮೇಲೆ.